ಮಗೂಗೆ ಸಿಟಿ ತೋರಿಸಬೇಕಂತೆ!

ಸ್ಕೂಲಿಗೆ ರಜೆ ಬಂತು ಅಂದರೆ ನನಗೆ ಎರಡು ಕಡೆಯಿಂದ ಕಾಟ ಶುರು. ಬೆಂಗಳೂರಿನ ಆಫೀಸಿನವರು "ನೀನು ಆ ಕಡೆಯವನಲ್ವಾ, ಬಾದಾಮಿ-ಐಹೊಳೆ-ಪಟ್ಟದಕಲ್ಲು ಒಂದೇ ದಿನಕ್ಕೆ ಮುಗಿಸಬಹುದಾ?" ಅಂತ ಕೇಳ್ತಾರೆ. ಬಾಗಲಕೋಟೆ ನವನಗರದಿಂದ ಅಕ್ಕ ಫೋನ್ ಮಾಡಿ "ತಮ್ಮಾ, ಹುಡುಗಗ ಒಂದ್ಸಲ ಬೆಂಗಳೂರು ತೋರಸಬೇಕೋ, ಮಾಲ್ ಗೀಲ್ ಎಲ್ಲಾ" ಅಂತಾಳೆ. ಇವರು ಅಲ್ಲಿಗೆ, ಅವರು ಇಲ್ಲಿಗೆ. ನಡುರಾತ್ರಿ ಹೊಸಪೇಟೆ ಹತ್ತಿರ ಎಲ್ಲೋ ಎರಡೂ ಬಸ್ಸು ಎದುರುಬದುರಾಗಿ ದಾಟಿಹೋಗ್ತಾವೆ. ಎರಡರಲ್ಲೂ ಒಂದೊಂದು ಮಗು ಕಿಟಕಿಗೆ ತಲೆ ಒರಗಿಸಿಕೊಂಡು ನಿದ್ದೆ ಹೊಡೀತಿರುತ್ತೆ.

"ಮುಗಿಸೋದು" ಅನ್ನೋ ಪದದ ಮೇಲೇ ನನಗೆ ಮೊದಲ ಸಿಟ್ಟು. ಊರು ಏನು ಹೋಮ್‌ವರ್ಕಾ ಮುಗಿಸೋಕೆ?

ನಮ್ಮ ಟೀಮಿನವರೊಬ್ಬರು ಐದನೇ ಕ್ಲಾಸಿನ ಮಗಳ ಜೊತೆ ಹೋಗೋಕೆ ಒಂದು ಎಕ್ಸೆಲ್ ಶೀಟು ಮಾಡಿ ನನಗೆ ರಿವ್ಯೂಗೆ ಕಳಿಸಿದ್ರು. ಒಂಬತ್ತರಿಂದ ಹತ್ತೂಕಾಲು ಗುಹೆಗಳು. ಹತ್ತೂಕಾಲರಿಂದ ಹತ್ತೂವರೆ ಕೆರೆ (ಫೋಟೋ). ಹನ್ನೊಂದೂವರೆಗೆ ಪಟ್ಟದಕಲ್ಲು. ಎರಡು ಗಂಟೆಗೆ ಐಹೊಳೆ. ನಾಲ್ಕಕ್ಕೆ ಕೂಡಲಸಂಗಮ. ಸಂಜೆ ಇಳಕಲ್, ಸೀರೆ ಶಾಪಿಂಗ್. ಮಧ್ಯೆ ಹದಿನೈದು ನಿಮಿಷ ಬಫರ್ ಬೇರೆ. ಸಾರ್, ಇದು ಮಗಳ ಪ್ರವಾಸವೋ ರಿಲೀಸ್ ಪ್ಲಾನೋ? ಆ ಶೀಟಿನಲ್ಲಿ ಮಗಳಿಗೆ ಅಂತ ಇದ್ದಿದ್ದು ಒಂದೇ ಸಾಲು, "ಸ್ನ್ಯಾಕ್ಸ್".

ಈಗ ಅಕ್ಕನ ವಾದಕ್ಕೆ ಬರೋಣ. ಅವಳ ಪ್ರಕಾರ "ಇಲ್ಲೇನ್ ಐತಿ ನೋಡಾಕ? ಬರೇ ಕಲ್ಲು. ಹುಡುಗ್ರು ಸಿಟಿ ನೋಡಬೇಕು."

ಸಿಟಿ ಅಂದರೆ ಏನು ಅಂತ ನಾನೂ ಕೇಳ್ತೀನಿ. ಕೆಂಪೇಗೌಡರು ಬೆಂಗಳೂರಿನಲ್ಲಿ ಕೋಟೆ ಕಟ್ಟಿಸಿದ್ದು 1537ರಲ್ಲಿ. ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ್ದು 543ರಲ್ಲಿ, ಅದನ್ನು ಅಲ್ಲೇ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಹತ್ತಿರ ಹತ್ತಿರ ಸಾವಿರ ವರ್ಷ ಮೊದಲು! ಸುಮಾರು ಇನ್ನೂರು ವರ್ಷ ರಾಜಧಾನಿ ಆಗಿದ್ದ ಊರು ಅದು. 642ರಲ್ಲಿ ಪಲ್ಲವರ ನರಸಿಂಹವರ್ಮ ಅದನ್ನ ಗೆದ್ದು "ವಾತಾಪಿಕೊಂಡ" ಅಂತ ಬಿರುದು ಇಟ್ಟುಕೊಂಡ. ಗೆದ್ದ ಊರಿನ ಹೆಸರನ್ನ ತನ್ನ ಹೆಸರಿಗೆ ಅಂಟಿಸಿಕೊಳ್ಳಬೇಕಾದರೆ ಆ ಊರು ಎಂಥದ್ದಿರಬೇಕು. ಅಕ್ಕನ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ಅಷ್ಟೇ.

"ಮಕ್ಕಳಿಗೆ ಬೋರ್ ಆಗುತ್ತೆ" ಅಂತೀರಾ? ಖಂಡಿತ ಆಗುತ್ತೆ, ನಾವು ತೋರಿಸೋ ಥರ ತೋರಿಸಿದ್ರೆ. ನನ್ನ ಅಳಿಯನನ್ನ ಅವನ ಸ್ಕೂಲಿನವರು ಒಂದು ಸಲ ಬಸ್ಸಲ್ಲಿ ತುಂಬಿಕೊಂಡು ಮೂರೂ ಊರು ಸುತ್ತಿಸಿ ರಾತ್ರಿ ಎಂಟಕ್ಕೆ ತಂದು ಬಿಟ್ಟರು. ಆಮೇಲೆ ಪ್ರಬಂಧ ಬರೀರಿ ಅಂದರು. ಅವನು ಬರೆದಿದ್ದು ಬಸ್ಸಿನ ಬಗ್ಗೆ ಅರ್ಧ ಪುಟ, ಕೋತಿ ಬಗ್ಗೆ ಅರ್ಧ ಪುಟ. ಅದರಲ್ಲಿ ಅವನ ತಪ್ಪೇನಿದೆ? ಬಸ್ಸಿನಲ್ಲಿ ಐದಾರು ತಾಸು ಕೂತಿದ್ದ, ಕೋತಿಯನ್ನ ನೆಟ್ಟಗೆ ನೋಡಿದ್ದ. ಗುಡಿ ಮುಂದೆ ಮಾತ್ರ "ಲಗೂ ನಡೀರಿ, ಲಗೂ ನಡೀರಿ".

ಒಂದೇ ಒಂದು ಮೂರ್ತಿಯ ಮುಂದೆ ಅರ್ಧ ಗಂಟೆ ಬಿಟ್ಟು ನೋಡಿ. ಮೊದಲನೇ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಯ ನಟರಾಜ ಇದಾನೆ. ಎಡಗೈ ಒಂದು, ಬಲಗೈ ಒಂದು ಜೋಡಿಸಿ ಎಷ್ಟು ಭಂಗಿ ಆಗುತ್ತೆ ಅಂತ ಕೇಳಿ. ಒಂಬತ್ತೊಂಬತ್ಲೆ ಎಂಬತ್ತೊಂದು. ಮಗ್ಗಿ ಬರೋ ಯಾವ ಮಗುವಿಗೂ ಸಿಕ್ಕಿಬಿಡುತ್ತೆ. ಆಮೇಲೆ ಅದೇ ಭಂಗಿ ಮಾಡಿ ತೋರಿಸುತ್ತೆ, ನೀವು ಬೇಡ ಅಂದ್ರೂ.

ಕೆರೆ ದಂಡೆಯ ಮೇಲೆ ಭೂತನಾಥ ಗುಡಿ ಕಡೆ ನಡೆದರೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರದ್ದು. ಎಕ್ಸೆಲ್ ಶೀಟಿನವರು ಯಾರೂ ಅಲ್ಲಿಗೆ ಹೋಗಲ್ಲ. ಕನ್ನಡದಲ್ಲಿ ಸಿಕ್ಕಿರೋ ತೀರಾ ಹಳೇ ತ್ರಿಪದಿಗಳು ಅಲ್ಲಿವೆ. ತ್ರಿಪದಿ ಅಂದರೆ ನಮ್ಮಜ್ಜಿ ಬೀಸುವಾಗ ಹಾಡ್ತಿದ್ದರಲ್ಲ, ಅದೇ ಛಂದಸ್ಸು! ಲಿಪಿ ನಮಗೆ ಓದೋಕೆ ಬರಲ್ಲ, ಪರವಾಗಿಲ್ಲ. ಸಾವಿರದ ಮುನ್ನೂರು ವರ್ಷದ ಹಿಂದೆ ಬಂಡೆಗೆ ಕೊರೆದದ್ದು, ಮೊನ್ನೆ ಮೊನ್ನೆವರೆಗೂ ಬೀಸುಕಲ್ಲಿನ ಮುಂದೆ ಹಾಡಿದ್ದು, ಎರಡರ ನಡಿಗೆಯೂ ಒಂದೇ. ಇದನ್ನ ಹತ್ತು ವರ್ಷದ ಮಗುವಿಗೆ ಹೇಳೋಕೆ ಗೈಡು ಬೇಕಿಲ್ಲ, ಅಜ್ಜಿ ಇದ್ದರೆ ಸಾಕು. ಅಜ್ಜಿನ್ನ ಕರಕೊಂಡು ಹೋಗಿ, ಸಾಧ್ಯ ಇದ್ರೆ.

ಐಹೊಳೆ ಹುನಗುಂದ ತಾಲೂಕಿನಲ್ಲಿದೆ ಅಂತ ಹುನಗುಂದದ ಮೇಲೆ ದಿನಾ ಓಡಾಡೋರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ಮಕ್ಕಳಿಗೆ ಹಿಡಿಸೋದು ಹೆಸರುಗಳು. ಲಾಡಖಾನ ಗುಡಿ, ಗೌಡರ ಗುಡಿ, ಹುಚ್ಚಿಮಲ್ಲಿ ಗುಡಿ. "ಗುಡಿಗೆ ಲಾಡಖಾನ ಅಂತ ಯಾಕ ಹೆಸರು ಮಾಮಾ?" ಅಂದ ಅಳಿಯ. ಆ ಹೆಸರಿನವರೊಬ್ಬರು ಒಂದು ಕಾಲದಲ್ಲಿ ಅಲ್ಲೇ ಮನೆ ಮಾಡಿಕೊಂಡಿದ್ದರು. ದುರ್ಗ ಗುಡಿಯ ಹೆಸರೂ ದುರ್ಗಾದೇವಿಯಿಂದ ಬಂದಿದ್ದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ದೇವರ ಮನೆಯಲ್ಲಿ ಜನ ಒಲೆ ಹಚ್ಚಿ ಸಂಸಾರ ಮಾಡಿದ್ರು ಅನ್ನೋದು ಅವನಿಗೆ ಯಾವ ಯುದ್ಧಕ್ಕಿಂತ ದೊಡ್ಡ ವಿಷಯ. ಮೇಗುತಿಯ ರವಿಕೀರ್ತಿಯ ಶಾಸನ (634) ದೊಡ್ಡವರಿಗೆ ಇರಲಿ, ಅದರಲ್ಲಿ ಕಾಳಿದಾಸನ ಹೆಸರಿದೆ ಅಂತ ಒಂದು ಮಾತು ಹೇಳಿದರೆ ಸಾಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಇದನ್ನ ಹೆಣ್ಣುಮಕ್ಕಳಿಗೆ ತಪ್ಪದೇ ಹೇಳಿ.

ಸರಿ, ಹಳೇ ಸಿಟಿ ಆಯ್ತು. "ಈಗಿನ ಸಿಟಿ ನೋಡಬೇಕಲ್ಲ" ಅಂದಳು ಅಕ್ಕ. ಅಕ್ಕಾ, ನೀನು ಕೂತಿರೋ ಜಾಗಾನೇ ತೋರಿಸು ಅಂದೆ.

ಇಡೀ ದೇಶದಲ್ಲಿ ಎಷ್ಟು ಮಕ್ಕಳಿಗೆ ಒಂದು ಊರನ್ನೇ ಎತ್ತಿ ಬೇರೆ ಕಡೆ ಇಟ್ಟಿದ್ದನ್ನ ನೋಡೋ ಅವಕಾಶ ಇದೆ? ಆಲಮಟ್ಟಿ ಹಿನ್ನೀರು ಘಟಪ್ರಭೆಯ ಗುಂಟ ಮೇಲೆ ಬಂತು, ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು, ಜನ ಎಲ್ಲಾ ಸೆಕ್ಟರ್ ನಂಬರಿನ ನವನಗರಕ್ಕೆ ಬಂದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೈಗ್ರೇಷನ್. ಆದರೆ ರೋಲ್‌ಬ್ಯಾಕ್ ಇಲ್ಲ. ನಮ್ಮಜ್ಜನ ಅಂಗಡಿ ಈಗ ನೀರೊಳಗೆ. ಅಳಿಯನಿಗೆ "ನಿಮ್ಮ ಮನಿ ಎಲ್ಲಿ" ಅಂದ್ರೆ ಸೆಕ್ಟರ್ ನಂಬರು ಹೇಳ್ತಾನೆ. ಅವನ ಮುತ್ತಜ್ಜನಿಗೆ ಕೇಳಿದ್ದರೆ ಓಣಿ ಹೆಸರು, ಎದುರಿನ ಬೇವಿನ ಗಿಡ, ಪಕ್ಕದ ಮನೆಯವರ ಅಡ್ಡಹೆಸರು ಎಲ್ಲ ಬರ್ತಿತ್ತು. ಹಳೇ ಊರಲ್ಲಿ ಎತ್ತರದ ಭಾಗ ಇನ್ನೂ ಇದೆ, ಪ್ಯಾಟಿ ನಡೀತದೆ. ಅಲ್ಲಿಂದ ನಡಕೊಂಡು ನೀರಿನ ಅಂಚಿನವರೆಗೆ ಹೋಗಿ "ಇಲ್ಲಿಂದ ಆಚೆ ನಮ್ಮ ಓಣಿ ಇತ್ತು" ಅಂತ ತೋರಿಸೋಕೆ ಎಷ್ಟು ಖರ್ಚಾಗುತ್ತೆ? ಹೇಳೋ ಜನ ಇನ್ನೂ ಬದುಕಿದ್ದಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಇರಲ್ಲ. ಬೆಂಗಳೂರಿನ ಮಾಲು ಆಗಲೂ ಇರುತ್ತೆ, ಇಲ್ಲಾಂದ್ರೆ ಇನ್ನೊಂದಿರುತ್ತೆ. ಅಣೆಕಟ್ಟನ್ನ 519.6 ಮೀಟರಿನಿಂದ 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಹಾಗೆ ಏರಿಸಿದರೆ ಇನ್ನಷ್ಟು ಊರು ಹೋಗ್ತಾವೆ. ಆ ನಾಲ್ಕೂವರೆ ಮೀಟರು ಅಂದರೆ ಎಷ್ಟು ಅಂತ ಮಗುವಿಗೆ ಮನೆ ಗೋಡೆಗೆ ಅಳತೆ ಹಿಡಿದು ತೋರಿಸಿ. ಸೂರು ದಾಟಿ ಮೇಲೆ ಹೋಗುತ್ತೆ.

ಇಳಕಲ್ಲಿಗೆ ಶಾಪಿಂಗಿಗೆ ಅಂತ ಹೋಗೋದನ್ನ ಮೊದಲು ನಿಲ್ಲಿಸಿ. ಅಂಗಡಿಯಲ್ಲಿ ಮಗು ಸ್ಟೂಲ್ ಮೇಲೆ ಕೂತು ಮೊಬೈಲ್ ನೋಡುತ್ತೆ, ಅಮ್ಮ ನೂರು ರೂಪಾಯಿಗೆ ಚೌಕಾಸಿ ಮಾಡ್ತಾಳೆ. ಅಷ್ಟಕ್ಕೆ ಆನ್‌ಲೈನ್ ಸಾಲದಾ? ಮಗ್ಗದ ಮನೆಗೆ ಹೋಗಿ, ಕೇಳಿಕೊಂಡು ಹೋಗಿ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳು ಬೇರೆ, ಸೆರಗಿನ ಹಾಸಿನ ಎಳೆಗಳು ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಆ ಕೊಂಡಿ ಹಾಕೋ ಬೆರಳುಗಳನ್ನ ಮಗು ಒಂದು ಸಲ ನೋಡಿದರೆ ಅಜ್ಜಿಯ ಸೀರೆ ಬರೀ ಹಳೇ ಬಟ್ಟೆ ಆಗಿ ಉಳಿಯಲ್ಲ. ಪವರ್‌ಲೂಮ್ ಬಂದ ಮೇಲೆ ಕೈಮಗ್ಗ ಕಡಿಮೆ ಆಗ್ತಾ ಬಂದಿವೆ, ಅದನ್ನೂ ನೋಡಲಿ. ಯಾರದೋ ದಿನದ ದುಡಿಮೆಗೆ ಅಡ್ಡ ನಿಂತು ನೋಡ್ತಿದ್ದೀವಿ ಅನ್ನೋ ನೆನಪಿರಲಿ. ಆಮೇಲೆ ಚೌಕಾಸಿ ಮಾಡದೇ ಒಂದು ಸೀರೆ ತಗೊಳ್ಳಿ, ಪ್ಲೀಸ್.

ಬೆಂಗಳೂರು ಬೇಡ ಅಂತ ನಾನು ಹೇಳ್ತಿಲ್ಲ. ನಾನೇ ಇಲ್ಲಿದ್ದೀನಿ, ಅಳಿಯ ಬಂದರೆ ಮೆಟ್ರೋ ಹತ್ತಿಸ್ತೀನಿ. ಆದರೆ ಬೆಂಗಳೂರು ನೋಡದ ಮಗು "ಹಿಂದೆ ಬೀಳುತ್ತೆ", ಬಾದಾಮಿ ನೋಡದ ಮಗು ಹಿಂದೆ ಬೀಳಲ್ಲ ಅನ್ನೋ ಲೆಕ್ಕ ಇದೆಯಲ್ಲ, ಅದನ್ನ ಒಪ್ಪೋಕಾಗಲ್ಲ. ಮಗುವಿಗೆ ತನ್ನ ಊರಲ್ಲಿ ನೋಡೋಕೆ ಏನೂ ಇಲ್ಲ ಅಂತ ಮನೆಯವರೇ ದಿನಾ ಹೇಳ್ತಾ ಹೋದರೆ ಅದು ನಂಬಿಬಿಡುತ್ತೆ ಸ್ವಾಮಿ. ನಂಬಿದ ಮಕ್ಕಳೇ ದೊಡ್ಡವರಾಗಿ ಇಲ್ಲಿ ಪಿಜಿ ರೂಮುಗಳಲ್ಲಿ ಕೂತು, ಊರು ಯಾವುದು ಅಂತ ಕೇಳಿದ್ರೆ "ಹುಬ್ಬಳ್ಳಿ ಹತ್ರ" ಅಂತ ಹಾರಿಸಿ ಹೇಳ್ತಾರೆ. ಬಾಗಲಕೋಟೆ ಜಿಲ್ಲೆ ಆಗಿ 1997ಕ್ಕೇ ಆಯ್ತು, ಇನ್ನೂ ಹತ್ರ!

ಎಕ್ಸೆಲ್ ಶೀಟಿನವರಿಗೆ ನಾನು ವಾಪಸ್ ಕಳಿಸಿದ್ದು ಇಷ್ಟು. ಬಾದಾಮಿಯಲ್ಲೇ ಮೂರು ರಾತ್ರಿ ರೂಮು ಮಾಡಿ, ದಿನಕ್ಕೆ ಒಂದೇ ಜಾಗ. ಬೇಸಿಗೆ ರಜೆ ಬೇಡವೇ ಬೇಡ, ಆ ಕಲ್ಲು ಕಾದ ಹಂಚು. ದಸರಾ ರಜೆ ಇಲ್ಲಾ ಡಿಸೆಂಬರ್ ನೋಡಿ. ಶುಕ್ರವಾರ ಮ್ಯೂಸಿಯಂ ಬಂದ್. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯವರ ಟಿಕೆಟ್ಟಿಲ್ಲ. ರೈಲಿಗೆ ಬಂದರೆ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಗುಹೆ ಹತ್ತಬೇಡಿ, ಕೋತಿಗಳು ನಿಮಗಿಂತ ಫಾಸ್ಟು. ಮಧ್ಯಾಹ್ನ ಬನಶಂಕರಿಗೆ ಹೋಗಿ, ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ತಂದು ನೆಲದ ಮೇಲೆ ಕೂರಿಸಿ ಬಡಿಸ್ತಾರೆ. ಬನದ ಹುಣ್ಣಿಮೆ ಹೊತ್ತಿಗೆ ಬಂದರೆ ಜಾತ್ರೆ, ರಾತ್ರಿಯಿಡೀ ಕಂಪನಿ ನಾಟಕ. ಆಗ ಮಾತ್ರ ರೂಮು ಸಿಗೋದು ಕಷ್ಟ, ಮೊದಲೇ ಫೋನ್ ಮಾಡಿಟ್ಟುಕೊಳ್ಳಿ.

ಅವರು "ಮೂರು ದಿನ ಒಂದೇ ಊರಲ್ಲಾ?" ಅಂತ ಮೆಸೇಜ್ ಹಾಕಿದಾರೆ. ಅಕ್ಕ ಇನ್ನೂ ಮಾತಾಡಿಲ್ಲ.