ನಗರದ ಅಳತೆಗೋಲು

ನಗರದ ಹಿರಿಮೆಯನ್ನು ಅದರ ವಿಸ್ತಾರದಿಂದಲೇ ಅಳೆಯುವ ವಾಡಿಕೆ ಬಹು ಹಳೆಯದು. ಊರು ಬೆಳೆಯಿತೆಂದರೆ ನಾಲ್ಕು ದಿಕ್ಕಿಗೂ ಹಬ್ಬಿತೆಂದೇ ಜನ ಬಗೆಯುತ್ತಾರೆ. ಒತ್ತಾಗಿ ನೆಲೆಸಿದ ನಗರವನ್ನು ಕೊಂಪೆಯೆಂದು ಹಳಿಯುತ್ತಾರೆ. ಈ ಎರಡು ಗ್ರಹಿಕೆಗಳೂ ಪುನರ್ವಿಮರ್ಶೆಗೆ ಅರ್ಹವಾಗಿವೆ.

ನಗರ ಯೋಜನಾತಜ್ಞ ಅಲೆನ್ ಬರ್ಟೋ ಅವರು ಮುಂದಿಟ್ಟ ಒಂದು ಹೋಲಿಕೆ ಇಲ್ಲಿ ಸ್ಮರಣೀಯ. 1990ರ ವೇಳೆಗೆ ಸ್ಪೇನಿನ ಬಾರ್ಸಿಲೋನಾದಲ್ಲಿ ಸುಮಾರು 28 ಲಕ್ಷ ಜನ 162 ಚದರ ಕಿಲೋಮೀಟರಿನಲ್ಲಿ ನೆಲೆಸಿದ್ದರೆ, ಅಮೆರಿಕದ ಅಟ್ಲಾಂಟಾದ ಸುಮಾರು 25 ಲಕ್ಷ ಜನ 4,280 ಚದರ ಕಿಲೋಮೀಟರನ್ನು ಆವರಿಸಿದ್ದರು. ಬಾರ್ಸಿಲೋನಾದ ನೂರಕ್ಕೆ ಅರವತ್ತು ಮಂದಿಗೆ ಮೆಟ್ರೋ ನಿಲ್ದಾಣ ಆರುನೂರು ಮೀಟರಿನೊಳಗೇ ಇತ್ತು. ಅದೇ ಸೌಲಭ್ಯವನ್ನು ಅಟ್ಲಾಂಟಾದಲ್ಲಿ ಒದಗಿಸಲು ಇನ್ನೂ 3,400 ಕಿಲೋಮೀಟರ್ ಹಳಿ ಬೇಕಾಗುತ್ತಿತ್ತು. ಹರಡಿಕೊಂಡ ನಗರದಲ್ಲಿ ಕಾರಿಲ್ಲದವನು ಕಾಲಿಲ್ಲದವನಂತೆಯೇ ಸರಿ.

ಆದರೆ ಸರಾಸರಿ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬುವುದೂ ವಿವೇಕವಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರಪಾಲಿಕೆಯ 226 ಚದರ ಕಿಲೋಮೀಟರಿನಲ್ಲಿ 43 ಲಕ್ಷ ಜನರಿದ್ದರು. ಅಂದರೆ ಚದರ ಕಿಲೋಮೀಟರಿಗೆ ಸುಮಾರು 19,000. 2007ರಲ್ಲಿ ಸುತ್ತಲಿನ ಪುರಸಭೆಗಳೂ 110 ಹಳ್ಳಿಗಳೂ ಸೇರಿ ಎಲ್ಲೆ ಸುಮಾರು 741 ಚದರ ಕಿಲೋಮೀಟರಿಗೆ ವಿಸ್ತರಿಸಿತು. 2011ರಲ್ಲಿ ಜನಸಂಖ್ಯೆ 84 ಲಕ್ಷ ದಾಟಿದರೂ ಸಾಂದ್ರತೆ ಸುಮಾರು 11,400ಕ್ಕೆ ಇಳಿಯಿತು. ಚಿಕ್ಕಪೇಟೆಯ ಗಲ್ಲಿ ಇದರಿಂದ ಒಂದು ಗೇಣೂ ಅಗಲವಾಗಲಿಲ್ಲ. ಬದಲಾದದ್ದು ನಕಾಶೆಯ ಗೆರೆ ಮಾತ್ರ. ಎಲ್ಲೆಯನ್ನರಿಯದೆ ನಗರಗಳನ್ನು ಹೋಲಿಸುವುದು ಕೊಳಗ ಯಾವುದೆಂದು ಕೇಳದೆ ಕಾಳು ಅಳೆದಂತೆ.

ಸಾಂದ್ರತೆಯೇ ಸುಖವೆಂದು ಇದರ ಅರ್ಥವಲ್ಲ. ಮುಂಬಯಿಯ ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಬಾಳುವುದು ದಾರುಣವೇ. ಆದರೆ ಆ ದೈನ್ಯದ ಮೂಲ ಜನರು ಹತ್ತಿರ ಹತ್ತಿರ ಇರುವುದಲ್ಲ. ತಲೆಯ ಮೇಲಿನ ಸೂರು, ಕುಡಿಯುವ ನೀರು, ಮಕ್ಕಳಾಡುವ ಬಯಲು ಸಾಲದಿರುವುದು. ಬಾರ್ಸಿಲೋನಾದ ವಿಸ್ತರಣೆಗೆ 1859ರಲ್ಲಿ ಯೋಜನೆ ರೂಪಿಸಿದ ಇಲ್ಡೆಫೋನ್ಸ್ ಸೆರ್ದಾ, ಮನೆಗಳು ಏಳುವ ಮೊದಲೇ ಇಪ್ಪತ್ತು ಮೀಟರ್ ಅಗಲದ ಬೀದಿಗಳನ್ನು ಗುರುತಿಸಿದ್ದರು. ಮುಂಚಿತವಾದ ಆ ವಿವೇಕದಿಂದಲೇ ಒತ್ತಾದ ನಗರವೂ ಉಸಿರಾಡಬಲ್ಲದು.

ಊರು ಹಬ್ಬಿದಷ್ಟೂ ಹೊಲ ಕರಗುತ್ತದೆ, ಕೆರೆಯಂಗಳ ನಿವೇಶನವಾಗುತ್ತದೆ, ದುಡಿಯುವವನ ದಾರಿ ಉದ್ದವಾಗುತ್ತದೆ. ನಗರ ಎಷ್ಟು ದೊಡ್ಡದೆಂದು ಕಂಠಪಾಠ ಮಾಡಿಸುವ ಶಾಲೆ, ಅಲ್ಲಿನ ಬಡವನಿಗೆ ಕೆಲಸವೂ ಶಾಲೆಯೂ ಆಸ್ಪತ್ರೆಯೂ ಎಷ್ಟು ಸಮೀಪವೆಂದು ಕೇಳುವುದನ್ನೂ ಕಲಿಸಬೇಕು. ನಾಳಿನ ನಗರಗಳ ಗೆರೆ ಎಳೆಯುವವರು ಇಂದು ಆ ಮಣೆಗಳ ಮೇಲೆಯೇ ಕುಳಿತಿದ್ದಾರೆ.