ಕುದುರೆ ಬದಲಿಸುವ ಮುಂಚೆ ಕೈ ಪಳಗಲಿ

ಫೆಸ್ಟ್ ಹತ್ತಿರ ಬಂದರೆ ಸಾಕು, ಮ್ಯೂಸಿಕ್ ರೂಮಿನಲ್ಲಿ ಅದೇ ಚರ್ಚೆ ಶುರುವಾಗುತ್ತೆ: ಕ್ಲಬ್ಬಿನ ಬೇಸ್ ಗಿಟಾರಿಗೆ ಹೊಸ ಬ್ರಿಡ್ಜ್ ಹಾಕಿಸಬೇಕಾ? ಸೌಂಡ್ ಕ್ಲೀನಾಗಿ ಬರ್ತಿಲ್ಲ, ಎಲ್ಲಾ ಗಜಿಬಿಜಿ ಅನ್ನೋದು ದೂರು. ಹೈ-ಮಾಸ್ ಬ್ರಿಡ್ಜ್, ಅಂದ್ರೆ ದಪ್ಪ ಲೋಹದ ಭಾರವಾದ ಬ್ರಿಡ್ಜ್ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅನ್ನೋದು ಸಲಹೆ. ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ: ಸದ್ಯಕ್ಕೆ ಬೇಡ. ಗಜಿಬಿಜಿಗೆ ಕಾರಣ ಬ್ರಿಡ್ಜ್ ಅಲ್ಲ, ನುಡಿಸದೇ ಇರೋ ತಂತಿಗಳನ್ನು ಯಾರೂ ಸುಮ್ಮನಿರಿಸದೇ ಇರೋದು.

ಇದು ಸಿವಿಲ್ ಬ್ರಾಂಚಿನವರ ಬ್ರಿಡ್ಜ್ ಅಲ್ಲ. ಗಿಟಾರಿನ ಮೈ ಮೇಲೆ ತಂತಿಗಳು ಬಂದು ಕೂರುವ ಜಾಗ. ವೀಣೆಯಲ್ಲಿ ಇದಕ್ಕೆ ಕುದುರೆ ಅನ್ನೋ ಚಂದದ ಹೆಸರಿದೆ. ಬೇಸ್‌ನ ಕುದುರೆಗೆ ಮುಖ್ಯವಾಗಿ ಮೂರು ಕೆಲಸ: ತಂತಿಯ ಎತ್ತರ, ತಂತಿಗಳ ನಡುವಿನ ಅಂತರ, ಮತ್ತೆ ಇಂಟೋನೇಶನ್. 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ ಮತ್ತು ಅಲ್ಲೇ ತಂತಿಯನ್ನು ಬರೀ ಮುಟ್ಟಿ ನುಡಿಸಿದ ಹಾರ್ಮೋನಿಕ್ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್ ಇದ್ದವು. 1957ರಲ್ಲಿ ಅವು ನಾಲ್ಕಾದ ಮೇಲೆ ಪ್ರತಿ ತಂತಿಯನ್ನೂ ಬೇರೆಬೇರೆಯಾಗಿ ಹೊಂದಿಸೋಕೆ ಆಯ್ತು. ಬ್ರಿಡ್ಜ್ ವಿಷಯದಲ್ಲಿ ನಿಜವಾದ ಸುಧಾರಣೆ ಅಂದ್ರೆ ಅದು.

ಭಾರದ ಬ್ರಿಡ್ಜ್ ಕೊಡೋ ಭರವಸೆ ಬೇರೆ: ಸಸ್ಟೇನ್. ತಂತಿಯ ಕಂಪನ ಮರದೊಳಕ್ಕೆ ಕಡಿಮೆ ಸೋರಿ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತೆ ಅನ್ನೋ ವಾದ. ಆ ವ್ಯತ್ಯಾಸ ಕಿವಿಗೆ ಎಷ್ಟು ಗೊತ್ತಾಗುತ್ತೆ ಅಂತ ಬೇಸ್ ನುಡಿಸೋವರಲ್ಲೇ ಜಗಳ ಇದೆ. ವಾದ ನಿಜ ಅಂತಾನೇ ಇಟ್ಕೊಳ್ಳೋಣ. ನಮ್ಮ ತೊಂದರೆ ಏನು? ಬೇಡದ ತಂತಿಗಳು ಗುಂಯ್ ಅಂತಾನೇ ಇರೋದು. ಅದಕ್ಕೆ ಇನ್ನಷ್ಟು ಸಸ್ಟೇನ್ ಕೊಡೋದು ಅಂದ್ರೆ ಗಲಾಟೆ ಮಾಡೋ ಕ್ಲಾಸಿಗೆ ಮೈಕ್ ಕೊಟ್ಟ ಹಾಗೆ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಆಂಪ್ ಆನ್ ಮಾಡಿ, ಎ ತಂತಿಯನ್ನು ಜೋರಾಗಿ ಮೀಟಿ, ತಕ್ಷಣ ಅದನ್ನಷ್ಟೇ ಬೆರಳಿಂದ ನಿಲ್ಲಿಸಿ. ಹಿಂದೆ ಒಂದು ಸಣ್ಣ ಗುನುಗು ಉಳಿದಿರುತ್ತೆ. ಯಾಕಂದ್ರೆ ಎ ತಂತಿ 55 ಹರ್ಟ್ಸ್, ಅದರ ಮೂರನೇ ಹಾರ್ಮೋನಿಕ್ 165. ಪಕ್ಕದ ಇ ತಂತಿ 41.2 ಹರ್ಟ್ಸ್, ಅದರ ನಾಲ್ಕನೇದು 164.8. ಎರಡೂ ಹತ್ತಿರ ಹತ್ತಿರ ಒಂದೇ, ಹಾಗಾಗಿ ಇ ತಂತಿ ತಾನಾಗೇ ಕಂಪಿಸುತ್ತೆ. ಆ ಕಡೆಯ ಡಿ ತಂತಿಗೂ 220 ಹರ್ಟ್ಸ್ ಸುತ್ತ ಇದೇ ಕಥೆ. ರೆಸೊನೆನ್ಸ್ ಅಂತ ನಾವೆಲ್ಲ ಪರೀಕ್ಷೆಗೆ ಬರೆದಿದ್ದು ಇದನ್ನೇ. ಅಂದ್ರೆ ಬೇಸ್‌ನಲ್ಲಿ ಒಂದು ತಂತಿ ನುಡಿಸೋದು ಅರ್ಧ ಕೆಲಸ, ಉಳಿದ ಮೂರನ್ನು ಸುಮ್ಮನಿರಿಸೋದು ಇನ್ನರ್ಧ.

ಅದನ್ನು ಮಾಡೋದು ಕೈಯೇ. ಬಲಗೈ ಬೆರಳು ಡಿ ತಂತಿಯನ್ನು ಮೀಟಿ ಬಂದು ಎ ತಂತಿಯ ಮೇಲೆ ನಿಂತರೆ ಎ ಸುಮ್ಮನಾಯ್ತು. ಹೆಬ್ಬೆರಳನ್ನು ಪಿಕಪ್ ಮೇಲೇ ಊರದೆ ಇ ತಂತಿಯ ಮೇಲೆ ಇಟ್ಟರೆ ಅದೂ ಸುಮ್ಮನೆ. ಜಿ ತಂತಿಗೆ ಹೋದಾಗ ಹೆಬ್ಬೆರಳು ಎ ತಂತಿಗೆ ಸರಿದು, ಇ ತಂತಿಗೂ ಒರಗಿಕೊಳ್ಳುತ್ತೆ. ಕೆಳಗಿನ ತೆಳು ತಂತಿಗಳು ಎಡಗೈ ಪಾಲಿಗೆ: ತೋರುಬೆರಳನ್ನು ಅವುಗಳ ಮೇಲೆ ಹಗುರವಾಗಿ ಮಲಗಿಸಬೇಕು. ಸ್ವರ ನಿಲ್ಲಿಸುವಾಗ ಬೆರಳನ್ನು ಪೂರ್ತಿ ಎತ್ತದೆ ಒತ್ತಡ ಮಾತ್ರ ಬಿಡಬೇಕು, ಅದೂ ಎರಡು ಬೆರಳು ತಾಗಿಸಿ. ಒಂದೇ ಬೆರಳು 5, 7, 12ನೇ ಫ್ರೆಟ್ ಮೇಲೆ ತಾಗಿದರೆ ನಿಲ್ಲೋ ಬದಲು ಟಿಂಗ್ ಅಂತ ಹಾರ್ಮೋನಿಕ್ ಬರುತ್ತೆ.

ಇನ್ನೊಂದು ದಾರಿ ಸ್ಪಾಂಜ್. ಪಾತ್ರೆ ತೊಳೆಯೋ ಹೊಸ ಸ್ಪಾಂಜಿನಿಂದ ಏಳು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿ, ಸ್ಯಾಡಲ್‌ಗಳ ಪಕ್ಕದಲ್ಲೇ ತಂತಿಗಳ ಕೆಳಗೆ ತೂರಿಸಿ. ತಂತಿಗೆ ತಾಗಬೇಕು, ತಂತಿಯನ್ನು ಎತ್ತಬಾರದು. ಸ್ವರ ಗಿಡ್ಡವಾಗಿ, ದುಂಡಗೆ ಬರುತ್ತೆ. ಇದು ಬಡವರ ಉಪಾಯ ಅಂತ ನಗಬೇಡಿ. ಹಳೇ ಪ್ರಿಸಿಷನ್ ಬೇಸ್‌ಗಳ ಬ್ರಿಡ್ಜ್ ಕವರಿನೊಳಗೆ ಕಂಪನಿಯವರೇ ಫೋಮ್ ಇಟ್ಟು ಕೊಡ್ತಿದ್ರು. 1960ರ ದಶಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅದನ್ನು ತೆಗೆಯಲಿಲ್ಲ. ಅವರ 1962ರ ಬೇಸ್‌ನಲ್ಲಿದ್ದಿದ್ದು ಬಾಗಿಸಿದ ತಗಡಿನ ಸಾದಾ ಬ್ರಿಡ್ಜ್. ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ತಂತಿಗಳ ಮೇಲೆ ಫೆಲ್ಟ್ ಇಟ್ಟು ಪಿಕ್‌ನಲ್ಲಿ ನುಡಿಸ್ತಿದ್ರು. ಆದರೆ ಸ್ಪಾಂಜ್ ನುಡಿಸಿದ ಸ್ವರವನ್ನೂ ಗಿಡ್ಡ ಮಾಡುತ್ತೆ. ಉದ್ದ ಸ್ವರ ಬೇಕಾದ ಹಾಡಿಗೆ ಮತ್ತೆ ಕೈಯೇ ಗತಿ.

ಹಾಗಂತ ಬ್ರಿಡ್ಜ್ ಬದಲಿಸೋದೇ ತಪ್ಪು ಅಂತಲ್ಲ. ಸ್ಕ್ರೂಗಳು ತುಕ್ಕು ಹಿಡಿದು ತಿರುಗದಿದ್ದರೆ, ನುಡಿಸ್ತಾ ಸ್ಯಾಡಲ್ ಪಕ್ಕಕ್ಕೆ ಜಾರಿದರೆ, ಸ್ಯಾಡಲ್ ಕೊನೆಯ ತನಕ ಸರಿಸಿದರೂ ಇಂಟೋನೇಶನ್ ಕೂರದಿದ್ದರೆ ಬದಲಿಸಲೇಬೇಕು. ಆಗಲೂ ತೂಕಕ್ಕಿಂತ ಮೊದಲು ನೋಡಬೇಕಾದ್ದು ಹಳೇ ಸ್ಕ್ರೂ ತೂತುಗಳಿಗೆ ಕೂರುತ್ತಾ, ತಂತಿಗಳ ಅಂತರ ಅಷ್ಟೇ ಇದೆಯಾ ಅನ್ನೋದು. ಇಲ್ಲಾಂದ್ರೆ ಮರಕ್ಕೆ ಹೊಸ ತೂತು ಕೊರೀಬೇಕಾಗುತ್ತೆ.

ಇಷ್ಟೆಲ್ಲ ಯಾಕೆ ಹೇಳ್ತಿದೀವಿ ಅಂದ್ರೆ, ಇದು ಬರೀ ದುಡ್ಡಿನ ಮಾತಲ್ಲ. "ಈ ಬೇಸ್‌ನಲ್ಲಿ ಸೌಂಡೇ ಬರಲ್ಲ" ಅಂತ ಸೀನಿಯರ್ಸ್ ಹೇಳಿದ ದಿನ, ಹಾಸ್ಟೆಲಿನಿಂದ ಕಲಿಯೋಕೆ ಬಂದ ಜೂನಿಯರ್ ಒಬ್ಬನಿಗೋ ಒಬ್ಬಳಿಗೋ ಇದು ದುಡ್ಡಿದ್ದವರ ಆಟ ಅನ್ನಿಸಿಬಿಡುತ್ತೆ. ಅದು ಸುಳ್ಳು ಅಂತ ತೋರಿಸೋಕೆ ಒಂದು ಸ್ಪಾಂಜ್, ಒಂದು ಸ್ಕ್ರೂಡ್ರೈವರ್ ಸಾಕು. ಆದ್ದರಿಂದ ಕ್ಲಬ್ಬಿಗೆ ನಮ್ಮ ಕೋರಿಕೆ: ಈ ಸೆಮಿಸ್ಟರಿನ ದುಡ್ಡಲ್ಲಿ ಒಂದು ಸೆಟ್ ಹೊಸ ತಂತಿ ತನ್ನಿ, ಇರೋ ಬ್ರಿಡ್ಜನ್ನೇ ಸರಿಯಾಗಿ ಹೊಂದಿಸಿ, ಜೂನಿಯರ್ಸ್‌ಗೆ ವಾರಕ್ಕೊಂದು ಗಂಟೆ ತಂತಿ ಸುಮ್ಮನಿರಿಸೋದನ್ನು ಹೇಳಿಕೊಡಿ. ಫೆಸ್ಟ್ ಆದ ಮೇಲೂ ಗಜಿಬಿಜಿ ಹೋಗದಿದ್ದರೆ ಆಗ ಬ್ರಿಡ್ಜ್ ಮಾತು ಎತ್ತೋಣ.