ತಂತ್ರಾಂಶ ವೃತ್ತಿಯಲ್ಲಿ ಸಹಕಾರದ ಸ್ಥಾನ

ಗಣಕಯಂತ್ರದ ಮುಂದೆ ಒಬ್ಬಂಟಿಯಾಗಿ ಕುಳಿತು ದುಡಿಯುವವನೇ ತಂತ್ರಾಂಶ ತಜ್ಞನೆಂಬ ಚಿತ್ರವು ಜನಮನದಲ್ಲಿ ಬಲವಾಗಿ ಬೇರೂರಿದೆ. ಬೇಲೆಕೇರಿ, ಅವರ್ಸಾ, ಅಂಕೋಲೆ, ಕಾರವಾರಗಳಿಂದ ಇಂಜಿನಿಯರಿಂಗ್ ಪದವಿ ಪಡೆದು ಬೆಂಗಳೂರಿಗೆ ತೆರಳುವ ತರುಣ ತರುಣಿಯರಲ್ಲಿ ಅನೇಕರು ಇದೇ ಚಿತ್ರವನ್ನು ಹೊತ್ತು ಹೋಗುತ್ತಾರೆ. ಒಪ್ಪಿಸಿದ ಕೆಲಸವನ್ನು ತಪ್ಪಿಲ್ಲದೆ ಮುಗಿಸಿದರೆ ಬಡ್ತಿಯು ತಾನಾಗಿಯೇ ಬರುವುದೆಂದು ನಂಬುತ್ತಾರೆ. ಮೊದಲ ಕೆಲವು ವರ್ಷಗಳಲ್ಲಿ ಈ ನಂಬಿಕೆ ಸುಳ್ಳಾಗುವುದಿಲ್ಲ. ಅನಂತರ ಒಂದು ಮೆಟ್ಟಿಲಿನ ಮೇಲೆ ನಿಂತುಬಿಡುತ್ತಾರೆ; ಜೊತೆಗೆ ಸೇರಿದವರು ಮುಂದೆ ಸಾಗಿದ್ದು ಏಕೆಂದು ತಿಳಿಯದೆ ನೊಂದುಕೊಳ್ಳುತ್ತಾರೆ. ಪ್ರತಿಭೆ ಕಡಿಮೆಯಾದುದೇ ಇದಕ್ಕೆ ಕಾರಣವೆನ್ನಲಾಗದು. ನೆರೆಯ ತಂಡದ ಕೆಲಸವನ್ನು ಅರಿತು, ಅದರೊಡನೆ ಕೂಡಿ ದುಡಿಯುವ ಶಿಕ್ಷಣವು ಅವರಿಗೆ ಎಲ್ಲಿಯೂ ದೊರೆತಿರುವುದಿಲ್ಲ.

ದೊಡ್ಡ ತಂತ್ರಾಂಶವಾವುದೂ ಒಂದೇ ತಂಡದ ಸೃಷ್ಟಿಯಲ್ಲ. ಒಂದು ಸಂಸ್ಥೆಯೊಳಗೆ ಜನರು ಪರಸ್ಪರ ಹೇಗೆ ವ್ಯವಹರಿಸುವರೋ ಅವರು ಕಟ್ಟುವ ವ್ಯವಸ್ಥೆಯೂ ಅದೇ ರೂಪವನ್ನು ತಾಳುತ್ತದೆಂದು ಅಮೆರಿಕದ ಮೆಲ್ವಿನ್ ಕಾನ್ವೇ 1968ರಷ್ಟು ಹಿಂದೆಯೇ ಬರೆದರು. ತಂಡಗಳ ನಡುವೆ ಮಾತು ಮುರಿದಲ್ಲಿ ತಂತ್ರಾಂಶವೂ ಮುರಿಯುತ್ತದೆ. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನು ತಲುಪಿದ ನಾಸಾದ ನೌಕೆಯೊಂದು ನಾಶವಾದುದು ಇದಕ್ಕೆ ಪ್ರಸಿದ್ಧ ನಿದರ್ಶನ. ಒಂದು ತಂಡದ ತಂತ್ರಾಂಶವು ಪೌಂಡಿನ ಲೆಕ್ಕದಲ್ಲಿ ಅಂಕಿಗಳನ್ನು ಕೊಟ್ಟಿತು; ಇನ್ನೊಂದು ತಂಡವು ಅವನ್ನು ಮೆಟ್ರಿಕ್ ಮಾನದ ನ್ಯೂಟನ್ನಿನ ಲೆಕ್ಕವೆಂದು ತಿಳಿಯಿತು. ಎರಡೂ ಕಡೆ ಸಮರ್ಥರೇ ಇದ್ದರು. ದೋಷವಿದ್ದುದು ಅವರ ನಡುವಣ ಜೋಡಣೆಯಲ್ಲಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಂಪೆನಿಯ ಹೊರಗಿನದಾದರೂ ಕರ್ನಾಟಕದ ರೈತರೆಲ್ಲರೂ ಬಲ್ಲ ಉದಾಹರಣೆಯೊಂದಿದೆ. ಪಹಣಿಗೆ 'ಭೂಮಿ', ನೋಂದಣಿಗೆ 'ಕಾವೇರಿ', ಭೂಮಾಪನಕ್ಕೆ 'ಮೋಜಿಣಿ' ಎಂಬ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಶಾಖೆಗಳಿಗಾಗಿ ರೂಪುಗೊಂಡವು. ಅಂಕೋಲೆಯ ರೈತನು ತನ್ನ ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ ಮೋಜಿಣಿಯ ನಕ್ಷೆ ಬೇಕು, ಕಾವೇರಿಯಲ್ಲಿ ಕ್ರಯಪತ್ರ ದಾಖಲಾಗಬೇಕು, ಭೂಮಿಯಲ್ಲಿ ಹಕ್ಕು ಬದಲಾಗಬೇಕು. ಮೂರೂ ತಮ್ಮಷ್ಟಕ್ಕೆ ಸರಿಯಾಗಿದ್ದು ಒಂದರ ಸಂಗತಿ ಇನ್ನೊಂದಕ್ಕೆ ತಿಳಿಯದಿದ್ದರೆ ರೈತನು ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅವುಗಳನ್ನು ಒಂದಕ್ಕೊಂದು ಜೋಡಿಸಿದ ದುಡಿಮೆಯು ಹೊರಗೆ ಕಾಣದು. ಆದರೆ ರೈತನಿಗೆ ಉಳಿತಾಯವಾಗುವ ದಿನಗಳೆಲ್ಲ ಆ ದುಡಿಮೆಯ ಫಲವೇ.

ಬೇಲೆಕೇರಿಯ ಹಿರಿಯರಿಗೆ ಈ ತತ್ತ್ವ ಹೊಸದೇನಲ್ಲ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ನೆಲೆಯೂರುವವರೆಗೂ ಈ ಕರಾವಳಿಯಲ್ಲಿ ರಂಪಣಿ ಬಲೆಯೇ ಪ್ರಧಾನವಾಗಿತ್ತು. ಹಲವರ ಬಲೆಯ ತುಂಡುಗಳನ್ನು ಕೂಡಿಸಿ ಕಟ್ಟಿದ ಆ ಭಾರಿ ಬಲೆಯನ್ನು ದೋಣಿಯಲ್ಲಿ ಒಯ್ದು ಬಂಗುಡೆಯ ಹಿಂಡಿನ ಸುತ್ತ ಇಳಿಸಿದರೆ, ದಡದಲ್ಲಿ ನಿಂತ ಹತ್ತಾರು ಜನ ಅದರ ಎರಡೂ ತುದಿಗಳನ್ನು ಎಳೆಯುತ್ತಿದ್ದರು. ಒಬ್ಬನ ತುಂಡು ಎಷ್ಟೇ ಗಟ್ಟಿಯಾಗಿರಲಿ, ಪಕ್ಕದ ತುಂಡಿನೊಡನೆ ಹಾಕಿದ ಗಂಟು ಸಡಿಲವಾದರೆ ಮೀನು ಅಲ್ಲಿಯೇ ನುಸುಳುತ್ತದೆ. ತಂತ್ರಾಂಶವೂ ಇಂಥದೇ ಬಲೆ.

ಆದರೆ ಎಲ್ಲರೂ ಎಲ್ಲರೊಡನೆ ಮಾತನಾಡುತ್ತ ಕುಳಿತರೆ ಕೆಲಸ ಸಾಗದು. ಐವರ ನಡುವೆ ಹತ್ತು ಜೋಡಿ ಸಂಬಂಧಗಳು. ಹತ್ತು ಜನರ ನಡುವೆ ನಲವತ್ತೈದು. ಆದುದರಿಂದಲೇ ಎರಡು ತಂಡಗಳ ಭಾಷೆಯನ್ನೂ ಬಲ್ಲ ಒಬ್ಬ ವ್ಯಕ್ತಿಗೆ ಸಂಸ್ಥೆಯಲ್ಲಿ ವಿಶೇಷ ಬೆಲೆ. ದೊಡ್ಡ ಕಂಪೆನಿಗಳಲ್ಲಿ ಮೇಲಿನ ಹುದ್ದೆಗಳಿಗೆ ಆಯ್ಕೆ ಮಾಡುವಾಗ ಹಲವು ವಿಭಾಗಗಳ ಮುಖ್ಯಸ್ಥರು ಕೂಡಿ ವಿಚಾರ ಮಾಡುವ ಪದ್ಧತಿಯುಂಟು. ತನ್ನ ಮೇಲಧಿಕಾರಿಯೊಬ್ಬನಿಗೆ ಮಾತ್ರ ಪರಿಚಿತನಾದವನ ಪರವಾಗಿ ಅಲ್ಲಿ ಒಂದೇ ಧ್ವನಿ ಏಳುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿ 1986ರಲ್ಲಿ ಇನ್ಫೋಸಿಸ್ ಸೇರಿದ ಯು. ಬಿ. ಪ್ರವೀಣ್ ರಾವ್ ಅವರು ಚಿಲ್ಲರೆ ವ್ಯಾಪಾರ, ಜೀವವಿಜ್ಞಾನ, ಮೂಲಸೌಕರ್ಯ ನಿರ್ವಹಣೆ ಮೊದಲಾದ ವಿಭಾಗಗಳ ಹೊಣೆಯನ್ನು ಹೊತ್ತವರು. ಮುಂದೆ ಮುಖ್ಯ ಕಾರ್ಯಾಚರಣಾಧಿಕಾರಿಯಾಗಿ, 2017ರಲ್ಲಿ ಕೆಲಕಾಲ ಇಡೀ ಸಂಸ್ಥೆಯ ಹಂಗಾಮಿ ಮುಖ್ಯಸ್ಥರಾದರು. ವಿಭಾಗದ ಗಡಿಯನ್ನು ದಾಟಿದ ಅನುಭವವು ಒಬ್ಬ ನೌಕರನನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಇಷ್ಟು ಸಾಕು.

ಸಹಕಾರವೆಂದರೆ ಮುಖಸ್ತುತಿ, ಇಲ್ಲವೇ ಕಂಡವರ ಹೊರೆಯನ್ನೆಲ್ಲ ಹೊರುವುದು ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸ್ವಂತ ಕೆಲಸವನ್ನು ಬದಿಗಿಟ್ಟು ಪರರಿಗೆ ನೆರವಾಗುವವನು ಕೊನೆಗೆ ಎರಡೂ ಕಡೆ ಸಲ್ಲದವನಾಗುತ್ತಾನೆ. ನಿಜವಾದ ಸಹಕಾರಕ್ಕೆ ಶಿಸ್ತುಂಟು. ತನ್ನ ಕೆಲಸವನ್ನು ಯಾರು ಬಳಸುವರೆಂದು ಮೊದಲು ಕೇಳಿ ತಿಳಿಯುವುದು. ಅಳತೆ, ದಿನಾಂಕ, ಹೆಸರುಗಳ ರೂಪವನ್ನು ಇಬ್ಬರೂ ಒಪ್ಪಿ ಬರೆದಿಡುವುದು. ನೆರವಿಗೆ ಹೋಗುವ ಮುನ್ನ ಮೇಲಧಿಕಾರಿಗೆ ತಿಳಿಸುವುದು. ಫಲ ಬಂದಾಗ ಶ್ರೇಯಸ್ಸನ್ನು ಹಂಚಿಕೊಳ್ಳುವುದು. ಸಂಸ್ಥೆಗಳಿಗೂ ಕರ್ತವ್ಯವಿದೆ. ಸಹಕಾರವನ್ನು ಹೊಗಳಿ, ಬಡ್ತಿಯ ವೇಳೆ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ನ್ಯಾಯವಲ್ಲ.

ಮನೆಯಲ್ಲಿ ಕೊಂಕಣಿಯನ್ನೋ ಕನ್ನಡವನ್ನೋ ಆಡಿ ಬೆಳೆದ ಮಕ್ಕಳಿಗೆ ಇನ್ನೂ ಒಂದು ತೊಡಕುಂಟು. ಇಂಗ್ಲಿಷಿನ ಅಳುಕಿನಿಂದ ಅವರು ಸಭೆಯಲ್ಲಿ ಮೌನವಾಗುತ್ತಾರೆ. ಆ ಮೌನವನ್ನು ಇತರರು ಅಜ್ಞಾನವೆಂದು ಎಣಿಸುತ್ತಾರೆ. ಸಭೆಗೆ ಮುಂಚೆಯೇ ವಿಷಯವನ್ನು ಅರ್ಧ ಪುಟದಲ್ಲಿ ಬರೆದು ಹಂಚುವ ಅಭ್ಯಾಸ ಇದ್ದಲ್ಲಿ ಈ ಅಳುಕು ಬಹುಮಟ್ಟಿಗೆ ನೀಗುತ್ತದೆ. ಆದರೆ ಈ ಅಭ್ಯಾಸವು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಠಾತ್ತನೆ ಬರುವಂಥದಲ್ಲ, ಶಾಲೆಯಲ್ಲಿಯೇ ಮೊಳೆಯಬೇಕು.

ಇಂದಿನ ಪರೀಕ್ಷೆಯು ಪ್ರತಿಯೊಬ್ಬನನ್ನೂ ಒಂಟಿಯಾಗಿ ಅಳೆಯುತ್ತದೆ. ನೆರೆಯವನಿಗೆ ಹೇಳಿಕೊಟ್ಟರೆ ಅಂಕ ಕಳೆಯುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದು ಸರಿ. ಪ್ರಯೋಗಶಾಲೆಯಲ್ಲಿ ಬೇರೆ ಮಾರ್ಗವಿರಲಿ. ಒಂದು ತರಗತಿಯವರು ಹಾಜರಿಯ ಪಟ್ಟಿಯನ್ನೂ ಇನ್ನೊಂದು ತರಗತಿಯವರು ಗ್ರಂಥಾಲಯದ ಪಟ್ಟಿಯನ್ನೂ ಗಣಕದಲ್ಲಿ ಸಿದ್ಧಪಡಿಸಲಿ. ಬಳಿಕ ಎರಡನ್ನೂ ಜೋಡಿಸಲಿ. ಒಂದರಲ್ಲಿ 'ಬೇಲೆಕೇರಿ', ಇನ್ನೊಂದರಲ್ಲಿ 'ಬೇಲೇಕೇರಿ' ಎಂದಿದ್ದರೆ ಯಂತ್ರವು ಅವನ್ನು ಎರಡು ಊರುಗಳೆಂದು ಎಣಿಸುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ತಪ್ಪು ಯಾರದೆಂಬ ಜಗಳ ಮೊದಲು ಹುಟ್ಟುವುದು ಸಹಜ. ಕೂಡಿ ಕುಳಿತು ಒಂದು ರೂಪವನ್ನು ಒಪ್ಪುವುದರಲ್ಲಿ ಅವರ ಶಿಕ್ಷಣ ಪೂರ್ಣವಾಗುತ್ತದೆ.

ಇದನ್ನು ನಡೆಸುವ ಹೊಣೆ ಶಿಕ್ಷಕರದು. ಅವರ ಸಮಯಕ್ಕೂ ತರಬೇತಿಗೂ ಯಂತ್ರಗಳಿಗೆ ಕೊಡುವಷ್ಟೇ ಉದಾರವಾಗಿ ಕೊಡುವುದು ದಾನಿಗಳಿಗೆ ಒಪ್ಪುವಂಥದು. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಮಕ್ಕಳೆದುರು ಸಂಬಳದ ಅಂಕಿಯನ್ನು ಹೇಳುವುದಕ್ಕಿಂತ, ಎರಡು ತಂಡಗಳ ನಡುವೆ ಕೆಲಸ ಕೆಟ್ಟ ಬಗೆಯನ್ನೂ ಅದನ್ನು ಸರಿಪಡಿಸಿದ ಬಗೆಯನ್ನೂ ವಿವರಿಸಿದರೆ ಹೆಚ್ಚು ಉಪಕಾರವಾದೀತು. ಈ ಊರಿನ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ, ದುಡಿಮೆಯ ಕೊರತೆಯಂತೂ ಇಲ್ಲವೇ ಇಲ್ಲ. ಪಕ್ಕದ ತುಂಡಿನೊಡನೆ ಗಂಟು ಹಾಕುವ ವಿದ್ಯೆಯೊಂದನ್ನು ಕಲಿಸಿ ಕಳುಹಿಸಿದರೆ ಅವರು ಯಾವ ಸಂಸ್ಥೆಯಲ್ಲಿಯೂ ಮೊದಲ ಮೆಟ್ಟಿಲಿನಲ್ಲೇ ನಿಂತುಳಿಯಲಾರರು.